ಎರಡೇ ಹೆಸರಿನ ಕಾರ್ಡು

ಹಳೆಯ ಗೆಳತಿಯರು ಈಗಲೂ ಫೋನು ಮಾಡಿದರೆ ಮೊದಲು ಹೇಳುವುದು ಇದನ್ನೇ: "ಎಂಥಾ ದಿನ ಕಣೆ ಅವು. ಎಂಥಾ ಹಾಡು." ಆಮೇಲೆ ಒಂದು ನಿಟ್ಟುಸಿರು. ಫೋನಿಟ್ಟ ಮೇಲೆ ಆ ಕಾಲದ ಹಾಡೊಂದನ್ನು ಮೊಬೈಲಿಗೆ ಕಳಿಸುತ್ತಾರೆ, ಜೊತೆಗೊಂದು ಗುಲಾಬಿ ಹೂವಿನ ಚಿತ್ರ. ನಾನು ಆ ಹಾಡುಗಳನ್ನು ತೆರೆಯುವುದಿಲ್ಲ. ಆ ದಿನಗಳು ಮತ್ತೆ ಬರುವುದಿಲ್ಲವಲ್ಲ ಎಂದು ಅವರು ಗೋಳಾಡುತ್ತಾರೆ. ಬರದಿದ್ದರೆ ಅಷ್ಟೇ ಸಾಕಪ್ಪ ಎಂದು ನಾನು ಅಂದುಕೊಳ್ಳುತ್ತೇನೆ. ಕಾಲೇಜಿನ ನೆನಪನ್ನು ಬೆಲ್ಲದ ಪಾಕದಲ್ಲಿ ಅದ್ದಿಟ್ಟುಕೊಂಡವರನ್ನು ಸ್ವಲ್ಪ ಕೆದಕಿ ನೋಡಿ, ಆಗ ಯಾರದೋ ಬಾಳಿಗೆ ಮಣ್ಣು ಹಾಕಿರುತ್ತಾರೆ. ನಾನಂತೂ ಹಾಕಿದ್ದೇನೆ. ಯಾರದು, ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ನ್ಯಾಮತಿಯಲ್ಲಿ, ಕಾಲೇಜು ಹೊನ್ನಾಳಿಯಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ನಾವು ನಾಲ್ಕು ಹುಡುಗಿಯರು ಒಂದೇ ಸೀಟಿನ ಸುತ್ತ ಗುಂಪುಗಟ್ಟುತ್ತಿದ್ದೆವು. ಪಾಠದ ಚಿಂತೆ ಯಾರಿಗಿತ್ತು? ನಮ್ಮ ಚೀಲದಲ್ಲಿ ಇತಿಹಾಸದ ನೋಟ್ಸಿಗಿಂತ ದಪ್ಪವಾಗಿದ್ದದ್ದು ಹಾಡಿನ ನೋಟ್‌ಬುಕ್ಕು. ರೇಡಿಯೋದಲ್ಲಿ ಹಾಡು ಬರುವಾಗ ಅದನ್ನು ಬರೆದುಕೊಳ್ಳಬೇಕು. ಒಬ್ಬಳ ಕೈಲಾಗುವ ಕೆಲಸವಲ್ಲ, ಒಂದು ಸಾಲು ಬರೆಯುವಷ್ಟರಲ್ಲಿ ಹಾಡು ಮೂರು ಸಾಲು ಮುಂದೆ ಹೋಗಿರುತ್ತಿತ್ತು. ಅದಕ್ಕೆ ಸಾಲು ಹಂಚಿಕೊಂಡಿದ್ದೆವು. ಮೊದಲನೇ ಸಾಲು ನನ್ನದು, ಎರಡನೆಯದು ಇನ್ನೊಬ್ಬಳದು, ಹೀಗೆ. ಅವರವರ ಮನೆಯಲ್ಲಿ ರೇಡಿಯೋ ಮುಂದೆ ಕೂತು ತಮ್ಮ ಪಾಲಿನ ಸಾಲು ಬರೆದುಕೊಂಡು ಬರುವುದು, ಮರುದಿನ ಬಸ್ಸಿನಲ್ಲಿ ಎಲ್ಲವನ್ನೂ ಕೂಡಿಸುವುದು. ಹೊನ್ನಾಳಿ ಮುಟ್ಟುವಷ್ಟರಲ್ಲಿ ಹಾಡು ಪೂರ್ತಿಯಾಗುತ್ತಿತ್ತು.

ಪಿಯುಸಿಯ ಎರಡೂ ವರ್ಷ ಕಾಲೇಜು ಡೇಯಲ್ಲಿ ಹಾಡಿದವಳು ನಾನು. ನನ್ನ ದನಿ ಕೆಟ್ಟದ್ದಿರಲಿಲ್ಲ. ಆದರೆ ಬೇರೆ ಯಾವ ಹುಡುಗಿಯೂ ಸ್ಟೇಜು ಹತ್ತುತ್ತಿರಲಿಲ್ಲ ಎಂಬುದೇ ನನ್ನ ದೊಡ್ಡ ಯೋಗ್ಯತೆಯಾಗಿತ್ತು. ಹಾಳೂರಿಗೆ ಉಳಿದವನೇ ಗೌಡ. ಹುಡುಗರು ಸಿಳ್ಳೆ ಹೊಡೆದರೆ ಮುಖ ಗಂಟು ಹಾಕಿಕೊಂಡು ಮನೆಗೆ ಹೋಗಿ ಕನ್ನಡಿ ಮುಂದೆ ನಗುತ್ತಿದ್ದೆ. ಬಿ.ಎ. ಸೇರಿದ ವರ್ಷ ಜಗಳೂರಿನಿಂದ ಅವಳು ಬಂದಳು.

ಅವಳ ಅಕ್ಕನನ್ನು ಹೊನ್ನಾಳಿಗೆ ಕೊಟ್ಟಿದ್ದರು. ಭಾವನದು ಜವಳಿ ಅಂಗಡಿ. ಅಕ್ಕನ ಮನೆಯಲ್ಲಿದ್ದು, ಮುಸುರೆ ತಿಕ್ಕಿ, ಅಕ್ಕನ ಕೂಸಿಗೆ ನೀರು ಹಾಕಿ, ಹತ್ತು ಗಂಟೆಗೆ ಕಾಲೇಜಿಗೆ ಓಡಿ ಬರುತ್ತಿದ್ದಳು. ಎರಡು ಸೀರೆ, ಎರಡು ಲಂಗ ದಾವಣಿ, ಎಣ್ಣೆ ಹಚ್ಚಿ ಬಿಗಿದ ಜಡೆ. ನಾವು ಅವಳಿಗೆ "ಬಯಲುಸೀಮೆ" ಎಂದೇ ಹೆಸರಿಟ್ಟಿದ್ದೆವು. ನಮ್ಮ ಹಾಡಿನ ನೋಟ್‌ಬುಕ್ಕು ನೋಡಿ ಅವಳಿಗೆ ಆಶ್ಚರ್ಯವಾಯಿತು. "ಇದನ್ನ ಯಾಕೆ ಬರ್ಕಂತೀರಿ? ಕೇಳಿದ್ರೆ ಬರಾದಿಲ್ವಾ?" ಎಂದಳು. ಲೇಡೀಸ್ ರೂಮಿನ ಕಿಟಕಿಗೆ ಒರಗಿಕೊಂಡು, ಹಿಂದಿನ ದಿನ ಒಂದೇ ಸಲ ಕೇಳಿದ್ದ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. ನಾವು ನಾಲ್ವರು ಸೇರಿ ಕೂಡಿಸಿದ್ದ ಹಾಡಿನಲ್ಲಿ ಎರಡು ಸಾಲು ತಪ್ಪಿದ್ದವು ಎಂಬುದು ಆಗ ಗೊತ್ತಾಯಿತು. ಉಳಿದ ಮೂವರು ಅವಳನ್ನು ಅಪ್ಪಿಕೊಂಡರು. ನಾನು ಟಿಫಿನ್ ಡಬ್ಬಿ ತೊಳೆಯುವ ನೆವದಲ್ಲಿ ಹೊರಗೆ ಹೋದೆ.

ಡಿಸೆಂಬರಿನಲ್ಲಿ ಕಾಲೇಜು ಡೇ ತಯಾರಿ ಶುರುವಾಯಿತು. ಸಾಂಸ್ಕೃತಿಕ ಸಂಘ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನಮ್ಮಿಬ್ಬರಿಂದಲೂ ಹಾಡಿಸಿದರು. ತಬಲಾಕ್ಕೆ ಚನ್ನಗಿರಿಯ ಹುಡುಗನೊಬ್ಬ ಇದ್ದ. ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದವನು, ಮಾತು ಕಡಿಮೆ, ಬೆರಳಿಗೆ ಮಾತ್ರ ಮಾತು ಜಾಸ್ತಿ. ನಾನು ಹಾಡುವಾಗ ಅವನು ಎರಡು ಸಲ ನಿಲ್ಲಿಸಿ ತಾಳ ತೋರಿಸಿಕೊಟ್ಟ. ಅವಳು ಹಾಡುವಾಗ ತಲೆ ಬಗ್ಗಿಸಿ ನುಡಿಸಿದ, ನಿಲ್ಲಿಸಲೇ ಇಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಈ ಸಲ ಆ ಹುಡುಗಿ ಹಾಡಲಿ. ನೀನು ಕೋರಸ್ಸಿನಲ್ಲಿ ನಿಂತ್ಕೊ" ಎಂದರು. ಅಷ್ಟಕ್ಕೇ ಮುಗಿದಿದ್ದರೆ ನಾನು ನಾಲ್ಕು ದಿನ ಊಟ ಬಿಟ್ಟು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಅವಳು ನನ್ನ ಹಿಂದೆಯೇ ಓಡಿಬಂದು ಕೈ ಹಿಡಿದುಕೊಂಡು, "ನೀನೇ ಹಾಡೇ. ನಂಗೇನೂ ಬ್ಯಾಸ್ರ ಇಲ್ಲ. ನಾ ಸರ್‌ಗೆ ಹೇಳ್ತೀನಿ" ಎಂದಳು. ನನಗೆ ಭಿಕ್ಷೆ ಹಾಕಲು ಬಂದಳಲ್ಲ ಎಂದು ಮೈಯೆಲ್ಲ ಉರಿಯಿತು. ಒಳ್ಳೆಯವರು ಒಳ್ಳೆಯತನ ತೋರಿಸುವಾಗ ಎದುರಿಗಿರುವವರ ಮುಖವನ್ನೂ ಸ್ವಲ್ಪ ನೋಡಬೇಕು.

ಆಗಿನ ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಕೇಳುಗರು ಬಯಸಿದ ಹಾಡು ಹಾಕುತ್ತಿದ್ದರು. ಒಂದು ಕಾರ್ಡಿನಲ್ಲಿ ಬೇಕಾದ ಹಾಡು, ಊರಿನ ಹೆಸರು, ಕೇಳುವವರ ಹೆಸರು ಬರೆದು ಕಳಿಸಬೇಕು. ಹಾಡಿಗಿಂತ ಮುಂಚೆ ಹೆಸರುಗಳನ್ನು ಓದುತ್ತಿದ್ದರು. ಆ ಓದುವಿಕೆಗಾಗಿಯೇ ಜನ ಬರೆಯುತ್ತಿದ್ದದ್ದು. ಗೆಳೆಯರ ಕಾರ್ಡು ಎಂದರೆ ಹತ್ತು ಹನ್ನೆರಡು ಹೆಸರು, ಕೆಲವರಂತೂ ಮನೆಯ ನಾಯಿಯ ಹೆಸರನ್ನೂ ಸೇರಿಸುತ್ತಿದ್ದರು. ಮನೆಯವರ ಕಾರ್ಡು ಎಂದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ. ಎರಡೇ ಹೆಸರಿದ್ದು, ಒಂದು ಗಂಡು ಒಂದು ಹೆಣ್ಣು ಆಗಿದ್ದರೆ, ಅದು ಹೊಸದಾಗಿ ಮದುವೆಯಾದವರ ಕಾರ್ಡು. ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮದುವೆಯಾಗದವರ ಹೆಸರು ಹಾಗೆ ಬಂದರೆ ಏನರ್ಥ ಎಂಬುದೂ ಗೊತ್ತಿತ್ತು. ಹಾಳೆಯಲ್ಲಿ ಅಚ್ಚಾದದ್ದು, ರೇಡಿಯೋದಲ್ಲಿ ಹೇಳಿದ್ದು ಸುಳ್ಳಾಗಿರಲು ಸಾಧ್ಯವೇ ಇಲ್ಲ ಎಂದು ನಂಬುವ ಜನ ನಾವು. ಕಾರ್ಡನ್ನು ಯಾರು ಬೇಕಾದರೂ ಬರೆಯಬಹುದು ಎಂಬ ಸಣ್ಣ ವಿಷಯ ಯಾರ ತಲೆಗೂ ಹೋಗುತ್ತಿರಲಿಲ್ಲ.

ಅವತ್ತು ಸಂಜೆ ಹೊನ್ನಾಳಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಒಂದು ಕಾರ್ಡು ಬರೆದೆ. ಊರು ಹೊನ್ನಾಳಿ ಕಾಲೇಜು. ತಬಲಾ ಹುಡುಗನ ಹೆಸರು, ಪಕ್ಕದಲ್ಲಿ ಅವಳ ಹೆಸರು. ಎರಡೇ. ಹಾಡು ಯಾವುದು ಬರೆಯಲಿ ಎಂದು ಸ್ವಲ್ಪ ಯೋಚಿಸಿದೆ. ದಾರಿ ನೋಡುತ್ತಾ ಕೂತ ಹೆಣ್ಣೊಬ್ಬಳ ಹಾಡಿತ್ತು, ಆ ವರ್ಷ ಎಲ್ಲರ ಬಾಯಲ್ಲೂ ಅದೇ. ಅದನ್ನೇ ಬರೆದೆ. ಆ ಹುಡುಗನ ಜಾತಿ ಯಾವುದು, ಅವಳದು ಯಾವುದು, ಎರಡೂ ನನಗೆ ಗೊತ್ತಿತ್ತು. ಅವಳ ಮನೆಯಲ್ಲಿ ಪೂಜೆಯಾಗದೆ ಯಾರೂ ನೀರೂ ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಹುಡುಗಾಟಿಕೆ, ತಿಳಿಯದ ವಯಸ್ಸು ಎಂದೆಲ್ಲ ನಾನು ಹೇಳುವುದಿಲ್ಲ. ಹತ್ತು ಹುಡುಗರಲ್ಲಿ ಅವನನ್ನೇ ಆರಿಸಿಕೊಂಡವಳಿಗೆ ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಕೆಂಪು ಡಬ್ಬಿಗೆ ಕಾರ್ಡು ಹಾಕಿ ಬಸ್ಸು ಹತ್ತಿದೆ. ಮನೆಗೆ ಹೋಗಿ ಎರಡು ರೊಟ್ಟಿ ಜಾಸ್ತಿ ತಿಂದೆ.

ಸಂಕ್ರಾಂತಿ ಮುಗಿದ ಮೇಲೆ ನನ್ನ ಮೈಮೇಲೆ ಅಮ್ಮ ಎದ್ದಿತು. ಮೈತುಂಬ ನೀರುಗುಳ್ಳೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಮೂರು ವಾರ ಹೊರಗೆ ಬಿಡಲಿಲ್ಲ. ಬಸ್ಸಿನ ಗೆಳತಿಯರು, ನನ್ನ ಪ್ರಾಣದ ಗೆಳತಿಯರು, ಒಬ್ಬರೂ ನಮ್ಮ ಬೀದಿಗೆ ಕಾಲಿಡಲಿಲ್ಲ. ಬಂದವಳು ಅವಳು. ಅಕ್ಕನನ್ನು ಕಾಡಿ ಬೇಡಿ ಜೊತೆಗೆ ಕರೆದುಕೊಂಡು ಬಂದಿದ್ದಳು. ಮೂರು ವಾರದ ಅಷ್ಟೂ ನೋಟ್ಸನ್ನು ಬೇರೆ ಪುಸ್ತಕದಲ್ಲಿ ನನಗಾಗಿ ಬರೆದಿದ್ದಳು. ಅಮ್ಮ ಎದ್ದ ಮನೆಯೆಂದು ಹೊಸ್ತಿಲಾಚೆಯೇ ನಿಂತು ಪುಸ್ತಕ ಕೊಟ್ಟಳು. ನಮ್ಮವ್ವ, "ಹಾಡ್ತೀಯಂತಲ್ಲವ್ವ, ನಮ್ಮ ಹುಡುಗಿ ಕೇಳ್ಲಿ, ಒಂದು ಹೇಳು" ಎಂದಳು. ಅವಳು ಕಟ್ಟೆಯ ಮೇಲೆ ಕೂತು ಒಂದು ವಚನ ಹಾಡಿದಳು. ಒಳಮನೆಯಲ್ಲಿ ಮಲಗಿದ್ದ ನನಗೆ ಅಳು ಬಂತು. ನಿಜವಾದ ಅಳು.

ಆಮೇಲೆ ನಾವಿಬ್ಬರೂ ಬಿಡಲಾರದ ಗೆಳತಿಯರಾದೆವು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ಒಂದು ದಿನ ಊಟ ಮಾಡುತ್ತಾ ಅವಳೇ ಹೇಳಿದಳು:

"ನಮ್ಮಪ್ಪ ಒಂದು ಮಾತು ಹೇಳಿ ಕಳ್ಸಿದಾರೆ ಕಣೇ. ನಿನ್ನ ಹೆಸ್ರು ಯಾರ ಬಾಯಾಗಾದ್ರೂ ಒಂದು ಸಲ ಬಂತು ಅಂದ್ರೆ, ಅವತ್ತಿನ ಬಸ್ಸಿಗೇ ಜಗಳೂರಿಗೆ ವಾಪಸ್ ಬರಬೇಕು ಅಂತ. ಅಲ್ಲಿ ನಮ್ಮವ್ವನ ತಮ್ಮ ಕಾಯ್ತಾ ಅದಾನೆ. ಹೆಂಡ್ತಿ ತೀರ್ಕಂಡು ಎರಡು ವರ್ಷ ಆತು. ಎರಡು ಮಕ್ಕಳು."

"ನಿಂಗೆ ಇಷ್ಟ ಇಲ್ವಾ?" ಎಂದೆ.

"ನಂಗೆ ಓದಾಕೆ ಇಷ್ಟ. ಬಿ.ಎ. ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಾಗೆ ಟೀಚರ್ ಆಗ್ಬೇಕು. ಇನ್ನೆರಡು ವರ್ಷ ನಮ್ಮಪ್ಪನ ಕಿವಿಗೆ ಏನೂ ಬೀಳದಿದ್ರೆ ಆತು ನೋಡು" ಎಂದು ನಕ್ಕಳು.

ನಾನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸ್ ಇಟ್ಟೆ. ಕಾರ್ಡು ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಅವತ್ತಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾನು ರೇಡಿಯೋ ಮುಂದೆ ಕೂರುತ್ತಿದ್ದೆ. ಹೊನ್ನಾಳಿ ಎಂಬ ಮಾತು ಬಂದರೆ ದನಿ ತಗ್ಗಿಸಿ ಕಿವಿಯಿಡುತ್ತಿದ್ದೆ. ಇನ್ಯಾರದೋ ಹತ್ತು ಹೆಸರು ಓದುತ್ತಿದ್ದರು, ಉಸಿರು ಬಿಡುತ್ತಿದ್ದೆ. ಆ ಕಾರ್ಡನ್ನು ಓದಬೇಡಿ ಎಂದು ಸ್ಟೇಷನ್ನಿಗೆ ಇನ್ನೊಂದು ಕಾರ್ಡು ಬರೆಯಬಹುದಿತ್ತು. ಆದರೆ ಕಾರ್ಡನ್ನು ಪೋಸ್ಟ್‌ಮ್ಯಾನ್ ಓದುತ್ತಾನೆ, ವಿಷಯ ಬಯಲಾಗುತ್ತದೆ ಎಂದು ಹೆದರಿದೆ. ಇನ್‌ಲ್ಯಾಂಡ್ ಲೆಟರ್ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅಪ್ಪನ ಮೇಜಿನ ಡ್ರಾಯರಿನಲ್ಲಿ ನಾಲ್ಕೈದು ಇರುತ್ತಿದ್ದವು. ನಾನು ಬರೆಯಲಿಲ್ಲ. ಇಷ್ಟು ದಿನ ಓದದವರು ಇನ್ನೇನು ಓದುತ್ತಾರೆ, ಕಸದ ಬುಟ್ಟಿಗೆ ಹಾಕಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮಾರಿಗೆ ಸಮಾಧಾನ ಬಲು ಬೇಗ ಸಿಗುತ್ತದೆ.

ಕಾಲೇಜು ಡೇ ಆಯಿತು. ಅವಳು ಹಾಡಿದಳು. ಹುಡುಗರು ಸಿಳ್ಳೆ ಹೊಡೆಯುವುದನ್ನೇ ಮರೆತು ಕೂತಿದ್ದರು. ನಾನು ಹಿಂದೆ ಕೋರಸ್ಸಿನಲ್ಲಿ ನಿಂತು, ನನ್ನ ಗೆಳತಿ ಎಂದು ಹೆಮ್ಮೆಪಟ್ಟೆ. ಅಷ್ಟು ಹೊತ್ತು ಕಾರ್ಡಿನ ನೆನಪೇ ಬರಲಿಲ್ಲ.

ಮುಂದಿನ ಭಾನುವಾರ ಓದಿದರು. ಅಪ್ಪ ಊಟ ಮಾಡಿ ಮಲಗಿದ್ದರು, ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ರೇಡಿಯೋದ ಹೆಂಗಸು ತನ್ನ ಮೆತ್ತನೆಯ ದನಿಯಲ್ಲಿ ಹೊನ್ನಾಳಿ ಕಾಲೇಜು ಎಂದಳು, ಅವನ ಹೆಸರು ಹೇಳಿದಳು, "ಮತ್ತು" ಎಂದಳು, ಅವಳ ಹೆಸರು ಹೇಳಿದಳು. ಆ "ಮತ್ತು" ನಾನು ಬರೆದದ್ದಲ್ಲ, ರೇಡಿಯೋದವಳೇ ಸೇರಿಸಿಕೊಂಡದ್ದು. ಹಾಡು ಶುರುವಾಯಿತು. ಅವ್ವ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇದು ನಮ್ಮನಿಗೆ ಬಂದಿದ್ದ ಹುಡುಗಿ ಅಲ್ಲೇನೆ?"

"ಆ ಹೆಸ್ರಿನೋರು ಬ್ಯಾರೆ ಯಾರೋ ಇರಬೇಕು" ಎಂದೆ.

"ಅಯ್ಯೋ ಪಾಪಿ, ನೋಡಾಕೆ ಹೆಂಗಿದ್ಲು" ಎಂದು ಅವ್ವ ಮತ್ತೆ ಅಕ್ಕಿ ಆರಿಸತೊಡಗಿದಳು. ವಚನ ಹಾಡಿಸಿಕೊಂಡ ನಮ್ಮವ್ವನೇ ಅರೆಗಳಿಗೆಯಲ್ಲಿ ನಂಬಿದಳು ಎಂದರೆ ಹೊನ್ನಾಳಿಯವರದು ಇನ್ನೇನು ಹೇಳಲಿ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ರೇಡಿಯೋಕ್ಕೆ ದೊಡ್ಡ ಹಾರನ್ ಕಟ್ಟಿದ್ದರು. ಅವಳ ಭಾವ ಆ ಹೊತ್ತಿಗೆ ಅಲ್ಲಿಯೇ ಟೀ ಕುಡಿಯುತ್ತಾ ಕೂತಿದ್ದರಂತೆ.

ಸೋಮವಾರ ಅವಳು ಬರಲಿಲ್ಲ. ಕಾಲೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಹೆಸರೂ ಇದ್ದವು, ಈ ಸಲ ನಾನು ಬರೆದದ್ದಲ್ಲ. ಬಸ್ಸಿನ ಗೆಳತಿಯರು ನಗುತ್ತಾ ಆ ಹಾಡನ್ನು ಗುನುಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈಗ ಎಂಥಾ ಹಾಡು ಎಂದು ಮೊಬೈಲಿಗೆ ಕಳಿಸುವವರು ಅವರೇ. ಮಂಗಳವಾರ ನನಗೆ ಪ್ರಿನ್ಸಿಪಾಲರ ಕೋಣೆಗೆ ಬರಲು ಹೇಳಿಕಳಿಸಿದರು.

ಒಳಗೆ ಭಾವ ಕುರ್ಚಿಯ ಮೇಲೆ ಕೂತಿದ್ದರು. ತಬಲಾ ಹುಡುಗ ಗೋಡೆಗೆ ಒತ್ತಿ ನಿಂತಿದ್ದ, ಎಡಗೆನ್ನೆ ಊದಿತ್ತು. ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನಾನು ಬೇಡವೆಂದರೂ ಮರೆಯಲಾರೆ. ನಾನು ಬಂದೆ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಅವಳು ತಿಳಿದಿದ್ದಳು.

ಪ್ರಿನ್ಸಿಪಾಲರು, "ನೀನು ಇವಳ ಸ್ನೇಹಿತೆ ಅಂತ ಕೇಳಿದೀನಿ. ನಿಜ ಹೇಳು. ಇವರಿಬ್ಬರ ಮಧ್ಯೆ ಏನಾದರೂ ಇದೆಯಾ?" ಎಂದರು.

ಭಾವ ನನ್ನ ಕಡೆ ತಿರುಗಿ, "ಹೆದರಬ್ಯಾಡವ್ವ. ನಿಂಗೆ ಗೊತ್ತಿರಾದು ಹೇಳು. ನೀ ಇಲ್ಲ ಅಂದ್ರೆ ನಾ ಇಲ್ಲಿಗೇ ಬಿಡ್ತೀನಿ. ಇವರಪ್ಪಂಗೆ ನಾನೇ ಸಮಾಧಾನ ಹೇಳ್ತೀನಿ" ಎಂದರು.

ಕೆಟ್ಟ ಮನುಷ್ಯರಲ್ಲ ಅವರು. ನನ್ನ ಒಂದು "ಇಲ್ಲ" ಸಾಕಾಗಿತ್ತು. ಕಾರ್ಡು ಬರೆದದ್ದು ನಾನು ಎಂದು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಆದರೆ ಇಲ್ಲ ಎಂದರೆ, ಹಾಗಾದರೆ ಯಾರು ಬರೆದದ್ದು ಎಂದು ಹುಡುಕುತ್ತಾರೆ, ಕಾರ್ಡು ತರಿಸುತ್ತಾರೆ, ಅಕ್ಷರ ಹೋಲಿಸುತ್ತಾರೆ ಎಂದು ನನ್ನ ತಲೆ ಓಡಿತು. ರೇಡಿಯೋದವರು ಹಳೆಯ ಕಾರ್ಡು ಕಟ್ಟಿಟ್ಟುಕೊಂಡು ಕೂತಿರುತ್ತಾರೆಯೇ ಎಂದು ಯೋಚಿಸುವಷ್ಟು ಬುದ್ಧಿಯೂ ಆಗ ಇರಲಿಲ್ಲ.

"ನಂಗೆ ಗೊತ್ತಿಲ್ಲ ಸರ್. ನಾನು ಮೂರು ವಾರ ಕಾಲೇಜಿಗೇ ಬಂದಿರಲಿಲ್ಲ" ಎಂದೆ.

"ಆ ಮೂರು ವಾರ ಇವರು ರಿಹರ್ಸಲ್ ಮಾಡ್ತಿದ್ದರಾ?"

"ಮಾಡ್ತಿದ್ರು ಸರ್."

ಒಂದು ಮಾತೂ ಸುಳ್ಳಲ್ಲ. ಸುಳ್ಳು ಹೇಳಿ ಮನೆ ಮುರಿಯುವವರು ದಡ್ಡರು. ನಾನು ನಿಜವನ್ನೇ ಹೇಳಿ ಮುರಿದೆ. ಅವಳು ನನ್ನ ಕಡೆ ನೋಡುತ್ತಲೇ ಇದ್ದಳು. ಸಿಟ್ಟಿರಲಿಲ್ಲ. ಪಾಪ, ಹೆದರಿಕೊಂಡಿದ್ದಾಳೆ ಎಂಬಂತೆ ನೋಡುತ್ತಿದ್ದಳು. ಹುಡುಗ ಮಾತ್ರ, "ನಾ ಬರ್ದಿಲ್ಲ ಸರ್, ನಮ್ಮವ್ವನ ಆಣೆ" ಎಂದ. ಭಾವ ಎದ್ದು ಅವನ ಇನ್ನೊಂದು ಕೆನ್ನೆಗೂ ಹೊಡೆದರು.

ಅವತ್ತೇ ಅವಳನ್ನು ಜಗಳೂರಿಗೆ ಕರೆದುಕೊಂಡು ಹೋದರು. ಹುಡುಗನಿಗೆ ಟಿ.ಸಿ. ಕೊಟ್ಟರು. ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ಅವಳು ಬರೆದುಕೊಟ್ಟಿದ್ದ ನೋಟ್ಸನ್ನು ಓದಿ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ವೈಶಾಖದಲ್ಲಿ ಅವಳ ಮದುವೆ ಆ ಸೋದರಮಾವನ ಜೊತೆಗೇ ಆಯಿತು ಎಂಬ ಸುದ್ದಿ ಬಂತು. ಮರುವರ್ಷ ಕಾಲೇಜು ಡೇಯಲ್ಲಿ ನಾನೇ ಹಾಡಿದೆ. ಒಳ್ಳೆಯ ಚಪ್ಪಾಳೆ ಬಿತ್ತು. ಹಾಡುವಾಗ ಅವಳ ನೆನಪಾಗಿ ಗಂಟಲು ಕಟ್ಟಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಕಟ್ಟಲಿಲ್ಲ. ಸುಖವಾಯಿತು.

ನಿದ್ದೆ ಕೆಟ್ಟದ್ದು ಆಮೇಲೆ. ಓದು ಮುಗಿಯುತ್ತಿದ್ದಂತೆ ನನ್ನನ್ನು ಚನ್ನಗಿರಿಗೆ ಕೊಟ್ಟರು. ಗಂಡ ಸರ್ಕಾರಿ ನೌಕರ, ಒಳ್ಳೆಯ ಮನುಷ್ಯ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲೊಂದು ಮದುವೆಗೆ ಹೋಗಿದ್ದೆವು. ಚಪ್ಪರದ ಕಂಬಕ್ಕೆ ಮೈಕ್ ಸೆಟ್ಟಿನ ವೈರು ಕಟ್ಟುತ್ತಿದ್ದವನನ್ನು ನೋಡಿದರೆ ಅವನೇ, ತಬಲಾ ಹುಡುಗ. ಅವನೇ ಬಂದು ಮಾತಾಡಿಸಿದ. ಓದು ಅಲ್ಲಿಗೇ ನಿಂತಿತಂತೆ, ತಬಲಾ ಮಾರಿದನಂತೆ.

"ಆಯಮ್ಮನ ಜೊತೆ ನಾ ನೆಟ್ಟಗೆ ನಾಕು ಮಾತು ಆಡಿರಲಿಲ್ಲ ಅಕ್ಕಾರೆ. ಆಯಮ್ಮನ ಮ್ಯಾಲೆ ನಂಗೆ ಅಂಥದ್ದೇನೂ ಇರಲಿಲ್ಲ. ಆ ಕಾರ್ಡು ಬರೆದೋರು ಯಾರೋ, ಅವರ ಕೈ ಸೇದಿಹೋಗ್ಲಿ" ಎಂದ.

ನನ್ನ ಕೈ ಸೇದಿಹೋಗಲಿಲ್ಲ. ಇದನ್ನು ಬರೆಯುತ್ತಿರುವುದೂ ಅದೇ ಕೈ. ಆದರೆ ಅವತ್ತಿನಿಂದ ನಿದ್ದೆ ಹಾಳಾಯಿತು. ಎರಡು ಗಂಟೆಗೆ ಎಚ್ಚರವಾದರೆ ಬೆಳಗಾಗುವ ತನಕ ಸೂರು ನೋಡುತ್ತಾ ಬಿದ್ದಿರುತ್ತಿದ್ದೆ. ಡಾಕ್ಟರು ಮಾತ್ರೆ ಕೊಟ್ಟರು, ಅತ್ತೆ ತಾಯಿತ ಕಟ್ಟಿಸಿದರು. ಯಾವುದೂ ಹಿಡಿಯಲಿಲ್ಲ. ಹೀಗೇ ನಾಲ್ಕೈದು ವರ್ಷ ಕಳೆದ ಮೇಲೆ ಗಂಡನಿಗೆ ವರ್ಗವಾಯಿತು. ಎಲ್ಲಿಗೆ ಎಂದರೆ ಜಗಳೂರಿಗೆ.

ಹೋದ ಮೂರನೇ ವಾರ ಅವಳ ಮನೆ ಹುಡುಕಿಕೊಂಡು ಹೋದೆ. ಶೇಂಗಾ ವ್ಯಾಪಾರದ ಮನೆ, ಅಂಗಳದ ತುಂಬ ಗೋಣಿಚೀಲ. ಅವಳು ದಪ್ಪಗಾಗಿದ್ದಳು, ಮುಂಗೂದಲು ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕುಣಿದಾಡಿದಳು. ಮಂಡಕ್ಕಿ ಕಲಸಿದಳು, ಮೆಣಸಿನಕಾಯಿ ಕರಿದಳು. ಮೊದಲ ಹೆಂಡತಿಯ ಮಕ್ಕಳು ಎರಡು, ಅವಳದು ಎರಡು. ನಾಲ್ಕೂ ಶಾಲೆಗೆ ಹೋಗಿದ್ದವು. ಗಂಡ ಹೊಡೆಯುವವನಲ್ಲ, ಬಡಿಯುವವನಲ್ಲ, ಊಟಕ್ಕೆ ಬರುತ್ತಾನೆ, ಉಂಡು ಹೋಗುತ್ತಾನೆ, ಮಾತೇ ಆಡುವುದಿಲ್ಲ ಎಂದಳು. ಮದುವೆಯಾದ ಮೇಲೆ ತನ್ನನ್ನು ಹೆಸರು ಹಿಡಿದು ಕರೆದವರೇ ಇಲ್ಲವಂತೆ. ಹೊನ್ನಾಳಿಯ ಸುದ್ದಿ ಎಲ್ಲ ಕೇಳಿದಳು. ಕೊನೆಗೆ ದನಿ ತಗ್ಗಿಸಿ ಅವನ ಸುದ್ದಿ ಕೇಳಿದಳು.

"ಚನ್ನಗಿರೀಲಿ ಇದಾನೆ. ಮೈಕ್ ಸೆಟ್ ಇಟ್ಟಿದಾನೆ" ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಎಲ್ರೂ ಅವನನ್ನ ಬೈತಾರೆ. ನಾ ಬೈಯಾದಿಲ್ಲ ಕಣೇ. ಬಾಯಿಬಿಟ್ಟು ಒಂದು ಮಾತು ಹೇಳಾಕೆ ಆಗ್ದೋನು, ನನ್ ಹೆಸ್ರನ್ನ ಅವನ ಹೆಸ್ರಿನ ಪಕ್ಕ ಇಟ್ಟು ಊರಿಗೆಲ್ಲ ಕೇಳಂಗೆ ಹೇಳಿಸ್ದ. ಅಷ್ಟು ಧೈರ್ಯ ಯಾರಿಗೈತೆ ಹೇಳು. ಓದು ಹೋತು, ಹೋಗ್ಲಿ. ಅದರ ಬದ್ಲಿ ನಂಗೂ ಅಂತ ಇದೊಂದು ಐತಲ್ಲ. ಆ ಹಾಡು ಹೇಳ್ಕಂತಾನೇ ಮಕ್ಕಳನ್ನ ಮಲಗಿಸಿದೀನಿ. ರೊಟ್ಟಿ ಬಡಿವಾಗ್ಲೂ ಅದೇ."

ಇಲ್ಲಿ ಎದ್ದು ಬರಬೇಕಿತ್ತು. ಅವಳ ಹತ್ತಿರ ಇದ್ದದ್ದು ಅದೊಂದೇ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಆದರೆ ನಾನು ಚನ್ನಗಿರಿಯ ಆ ಮದುವೆಯ ದಿನದಿಂದ ಮಲಗಿರಲಿಲ್ಲ. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ, ಬೈಯಲಿ, ಬೇಕಾದರೆ ಹೊಡೆಯಲಿ, ಅತ್ತು ಕಾಲಿಗೆ ಬೀಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನಿಜ ಹೇಳುವುದು ಪುಣ್ಯದ ಕೆಲಸ ಎಂದು ಶಾಲೆಯಲ್ಲಿ ಕಲಿಸಿದ್ದರಲ್ಲ.

"ಕಾರ್ಡು ಅವನು ಬರೆದದ್ದಲ್ಲ. ನಾನು ಬರೆದದ್ದು" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಪೂರ್ತಿ ಹೇಳಿದೆ: ಕೋರಸ್ಸಿನಲ್ಲಿ ನಿಲ್ಲಿಸಿದ್ದು, ಕಲ್ಲುಬೆಂಚು, ಪ್ರಿನ್ಸಿಪಾಲರ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡದ್ದು. ಅಷ್ಟಕ್ಕೇ ನಿಲ್ಲದೆ, ಅವನು ಚಪ್ಪರದ ಕೆಳಗೆ ಆಡಿದ ಮಾತನ್ನೂ ಹೇಳಿದೆ. ಅಳುತ್ತಲೇ ಹೇಳಿದೆ. ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಓದು ಹೋದದ್ದನ್ನಾಗಲಿ, ಮದುವೆಯಾದದ್ದನ್ನಾಗಲಿ ಎತ್ತಲೇ ಇಲ್ಲ. ಒಂದೇ ಒಂದು ಮಾತು ಕೇಳಿದಳು.

"ಹಾಡೂ ನೀನೇ ಆರಿಸಿದ್ದಾ?"

"ಹೂಂ" ಎಂದೆ.

ಅವಳು ತಲೆಯಾಡಿಸಿದಳು. ಎದ್ದು ಮಂಡಕ್ಕಿಯ ತಟ್ಟೆ ಒಳಗಿಟ್ಟಳು. ಬಾಗಿಲ ತನಕ ಬಂದು, ಕುಂಕುಮ ಕೊಟ್ಟು, "ಇನ್ಮ್ಯಾಲೆ ಬರಾಕೆ ಹೋಗಬ್ಯಾಡ" ಎಂದಳು. ದನಿ ಎತ್ತಿರಲಿಲ್ಲ.

ಮನೆಗೆ ಬಂದು ಅಡುಗೆ ಮಾಡಿದೆ. ಗಂಡನಿಗೆ ಬಡಿಸಿ ನಾನೂ ಉಂಡೆ. ಒಂಬತ್ತು ಗಂಟೆಗೆಲ್ಲ ಮಲಗಿದವಳಿಗೆ ಬೆಳಗಿನ ತನಕ ಎಚ್ಚರವಾಗಲಿಲ್ಲ.